ತಾಳದ ಮಾಮ

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವದ ಪೆಂಡಾಲು ಎದ್ದಿತೆಂದರೆ ತಾಳದ ಮಾಮನ ಸಂಧ್ಯಾವಂದನೆ ಚುಟುಕಾಗುತ್ತದೆ. ಎಲ್ಲರಿಗಿಂತ ಮೊದಲು ಬಂದು ಒಂದು ಕುರ್ಚಿಗೆ ಕರವಸ್ತ್ರ, ಇನ್ನೊಂದಕ್ಕೆ ಛತ್ರಿ, ಮತ್ತೊಂದಕ್ಕೆ ಅಂದಿನ ಪೇಪರು ಹಾಸಿ, ನಡುವೆ ತಾವು ಪ್ರತಿಷ್ಠಾಪನೆಗೊಳ್ಳುತ್ತಾರೆ. ಆ ಮೂರು ಸೀಟಿಗೆ ಯಾರು ಬರುತ್ತಾರೋ ದೇವರಿಗೇ ಗೊತ್ತು. ಛತ್ರಿಯ ಜಾಗ ಈಗ ನನ್ನದು. ಮಾಮನ ಪಕ್ಕ ಕೂತರೆ ಒಂದೇ ಟಿಕೆಟ್ಟಿಗೆ ಎರಡು ಕಛೇರಿ.

ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರುಮಾಡಿದ ಶ್ರೀರಾಮಸೇವಾ ಮಂಡಳಿಯ ಉತ್ಸವ ಇದು. ಮಾಮನ ಮಾತು ಕೇಳಿದರೆ ಆವತ್ತು ಗೂಟ ಹೊಡೆದವರೇ ಇವರು. "ಚೌಡಯ್ಯನವರ ಏಳು ತಂತಿ ಪಿಟೀಲು ಇಲ್ಲೇ ಕೂತು ಕೇಳಿದ್ದು ಕಣ್ರೀ. ಈಗ ಏನಿದೆ?" ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ. ಮಾಮ ರಿಟೈರಾಗಿ ಇನ್ನೂ ಎರಡು ವರ್ಷ ತುಂಬಿಲ್ಲ. ತೊಟ್ಟಿಲು ತಂದಿದ್ದರೋ ಏನೋ!

ರಾಗ ಗುರುತಿಸುವುದರಲ್ಲಂತೂ ಅವರನ್ನು ಹಿಡಿಯಲು ಯಾರಿಂದಲೂ ಆಗಿಲ್ಲ. ಮೊನ್ನೆ ಗಾಯಕಿ ಆಲಾಪನೆ ಎತ್ತಿಕೊಂಡ ಕೂಡಲೇ ಕಿವಿಯ ಹತ್ತಿರ ಬಂದು, "ಭೈರವಿ... ಆದರೆ ಬರೀ ಭೈರವಿ ಅಂತ ತಿಳ್ಕೋಬೇಡಿ" ಎಂದರು. ಆಕೆ ಶ್ಯಾಮಾಶಾಸ್ತ್ರಿಗಳ 'ಬ್ರೋವವಮ್ಮ' ಶುರುಮಾಡಿದ್ದೇ ತಡ, "ಮಾಂಜಿ! ಆಗಲೇ ಹೇಳಿದೆನಲ್ಲ!" ಹೌದು, ಹೇಳಿದ್ದರು. ಅವರು ಹೇಳದೆ ಉಳಿಸುವುದೇ ಕಡಿಮೆ.

ತಾಳ ಮಾತ್ರ ನನ್ನ ತೊಡೆಗೇ. ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಮತ್ತೆ ತಟ್ಟು, ಬೀಸು, ತಟ್ಟು, ಬೀಸು. ಶುದ್ಧ ಆದಿತಾಳ, ಎಂಟಕ್ಷರ. ವೇದಿಕೆಯ ಮೇಲೆ ನಡೆಯುತ್ತಿದ್ದದ್ದು ಮಿಶ್ರಛಾಪು, ಏಳು. ಎರಡು ಆವರ್ತ ಕಳೆಯುವಷ್ಟರಲ್ಲಿ ನನ್ನ ತೊಡೆ ಮೃದಂಗಕ್ಕಿಂತ ಎರಡಕ್ಷರ ಹಿಂದೆ ಬಿತ್ತು. ಮಾಮನ ಹುಬ್ಬು ಗಂಟಾಯಿತು. "ಹುಡುಗ ಓಡ್ತಾ ಇದ್ದಾನೆ ನೋಡಿ. ಕಾಲಪ್ರಮಾಣವೇ ಇಲ್ಲ." ಅಷ್ಟರಲ್ಲಿ ಗಾಯಕಿಯ ಕೈ ಅವರ ಕಣ್ಣಿಗೆ ಬಿತ್ತು. ಬೀಸಿಗೆಂದು ಮೇಲೆದ್ದಿದ್ದ ಅಂಗೈ ಗಾಳಿಯಲ್ಲೇ ಒಂದು ಕ್ಷಣ ನಿಂತು, ಮೆಲ್ಲಗೆ ಮಗುಚಿಕೊಂಡು, ಅವರದೇ ಮಂಡಿಯನ್ನು ಕೆರೆಯತೊಡಗಿತು. "ಸೊಳ್ಳೆ" ಎಂದರು.

"ತನಿ ಆವರ್ತನಕ್ಕೆ ಎದ್ದು ಹೋಗೋರು ರಸಿಕರೇ ಅಲ್ಲ" ಎಂಬುದು ಮಾಮನ ಸಿದ್ಧಾಂತ. ಅದನ್ನು ಎದುರು ಸಾಲಿಗೂ ಕೇಳುವಂತೆ ಹೇಳಿ, "ನನಗೆ ಶುಗರ್ ನೋಡಿ" ಎಂದು ತಾವೇ ಮೊದಲು ಎದ್ದರು. ಬಂದದ್ದು ಕಡೆಯ ಮುಕ್ತಾಯಕ್ಕೆ ಸರಿಯಾಗಿ, ಬಾಯಲ್ಲಿ ಕಾಫಿಯ ಘಮ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, "ತನಿ ಅಂದ್ರೆ ಇದು! ಅದರಲ್ಲೂ ಘಟದವನು ಖಂಡನಡೆಗೆ ತಿರುಗಿದ ನೋಡಿ, ಆಹಾ!" ಎಂದರು.

ಮುಂದಿನ ಸಾಲಿನಲ್ಲಿ ಪುಟ್ಟ ನೋಟ್‌ಬುಕ್ ಹಿಡಿದು ಕೂತಿದ್ದ ಹುಡುಗಿ ಹಿಂತಿರುಗಿದಳು.

"ಅಂಕಲ್, ಇವತ್ತು ಘಟ ಇಲ್ಲ. ಖಂಜಿರ."

ಮಾಮ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ಅದನ್ನೇ ಹೇಳ್ತಿರೋದಮ್ಮ. ಖಂಜಿರದಲ್ಲಿ ಘಟದ ನಾದ ತೆಗೆದನಲ್ಲ, ಅದು ವಿದ್ವತ್ತು!"