ನಿಂತುಕೊಂಡ ದೇಶ: ಮೊನಾಕೊ ದಂಪತಿ-ದರ್ಶನ ಮೀಮಾಂಸೆ

ದೇಶ ಚಿಕ್ಕದಾದಷ್ಟೂ ನೋಡಿ ಮುಗಿಸುವುದು ಸುಲಭ, ಗಂಡ ಹೆಂಡತಿ ಜೊತೆಗಿದ್ದರೆ ಇನ್ನೂ ಸುಲಭ ಎಂಬುದು ಪ್ರವಾಸಶಾಸ್ತ್ರದ ಪೂರ್ವಪಕ್ಷ. ಈ ಪೂರ್ವಪಕ್ಷವನ್ನು ಮೊನಾಕೊ ದೇಶದ ಮೆಟ್ಟಿಲುಗಳ ಮೇಲೆ ಒಂದು ಹಗಲು ಹತ್ತಿಸಿ ಇಳಿಸಿ, ಅದಾಗಿಯೇ ಏದುಸಿರು ಬಿಟ್ಟು ಕುಸಿಯುವಂತೆ ಮಾಡುವುದಷ್ಟೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಕ್ಷೇತ್ರವಿಚಾರ. ಮೊನಾಕೊದ ವಿಸ್ತೀರ್ಣದ ಬಗ್ಗೆ ಆಕರಗಳಲ್ಲೇ ಪಾಠಾಂತರಗಳಿವೆ. ಹಳೆಯ ಪುಸ್ತಕಗಳು 1.95 ಚದರ ಕಿಲೋಮೀಟರ್ ಎನ್ನುತ್ತವೆ, ಆಮೇಲಿನವು 2.02, ಈಚಿನವು 2.08. ಇದನ್ನು ಲಿಪಿಕಾರರ ಪ್ರಮಾದವೆಂದು ತಳ್ಳಿಹಾಕುವಂತಿಲ್ಲ, ದೇಶವೇ ಬೆಳೆಯುತ್ತಿದೆ. ಮೂರನೇ ರೇನಿಯೇ ಅರಸನ ಕಾಲದಲ್ಲಿ ಸಮುದ್ರಕ್ಕೆ ಮಣ್ಣು ಸುರಿದು ಫೋಂವಿಯೆ ಎಂಬ 22 ಹೆಕ್ಟೇರಿನ ಬಡಾವಣೆ ಎಬ್ಬಿಸಿದರು. 2024ರ ಡಿಸೆಂಬರಿನಲ್ಲಿ ಮಾರೆತೆರಾ ಎಂಬ 6 ಹೆಕ್ಟೇರಿನ ಮತ್ತೊಂದು ತುಂಡು ಉದ್ಘಾಟನೆಯಾಯಿತು. ನೆಲದ ಹಸಿವಿಗೆ ಕಾರಣವಿದೆ. ಮೆಂತೋನ್, ರೋಕ್‌ಬ್ರೂನ್ ಎಂಬ ಎರಡು ಊರುಗಳು 1848ರಲ್ಲಿ ಸಿಡಿದು ಬೇರೆಯಾದವು. 1861ರಲ್ಲಿ ಮೊನಾಕೊದ ಅರಸ ಮೂರನೇ ಶಾರ್ಲ್ ಅವುಗಳ ಹಕ್ಕನ್ನು 40 ಲಕ್ಷ ಫ್ರಾಂಕಿಗೆ ಫ್ರಾನ್ಸಿಗೆ ಬಿಟ್ಟುಕೊಟ್ಟ. ಹೋದದ್ದು ಹೆಚ್ಚುಕಡಿಮೆ ಶೇಕಡ 95 ನೆಲ. ಪಾಲುಪಟ್ಟಿಯಲ್ಲಿ ಹಿತ್ತಿಲು ತೋಟವೆಲ್ಲ ಕಳೆದುಕೊಂಡು, ಉಳಿದ ಜಗಲಿಯ ಮೇಲೆಯೇ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟು ಕುಬೇರನಾದ ಮನೆಯ ಯಜಮಾನನನ್ನು ಕಂಡವರಿಗೆ ಮೊನಾಕೊದ ಇತಿಹಾಸ ಬೇರೆ ಹೇಳಬೇಕಿಲ್ಲ.

ಇನ್ನು ಅಧಿಕಾರಿವಿಚಾರ, ಅಂದರೆ ನೋಡಲು ಹೋಗುವವರು ಯಾರು ಎಂಬುದು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟ ದಂಪತಿಗೆ ಷೆಂಗೆನ್ ವೀಸಾ ಬೇಕು. ಅದು ಕೈಯಲ್ಲಿದ್ದರೆ ಫ್ರಾನ್ಸಿನ ನೀಸ್ ಪಟ್ಟಣದಿಂದ ರೈಲು ಹಿಡಿದು ಅರ್ಧ ಗಂಟೆಯೊಳಗೆ ಇನ್ನೊಂದು ದೇಶದಲ್ಲಿ ಇಳಿಯಬಹುದು. ನಡುವೆ ಗೇಟಿಲ್ಲ, ಠಸ್ಸೆಯಿಲ್ಲ. ಠಸ್ಸೆ ಇಲ್ಲದ ಪಾಸ್‌ಪೋರ್ಟನ್ನು ನೆಂಟರಿಗೆ ಹೇಗೆ ತೋರಿಸುವುದು ಎಂಬ ಧರ್ಮಸಂಕಟಕ್ಕೆ ಅಲ್ಲಿನ ಪ್ರವಾಸಿ ಕಚೇರಿಯೇ ಪರಿಹಾರ ಇಟ್ಟಿದೆ: ಕೇಳಿದವರಿಗೆ ನೆನಪಿನ ಠಸ್ಸೆ ಒತ್ತಿಕೊಡುತ್ತಾರೆ.

ಶಾಸ್ತ್ರದೃಷ್ಟಿಯಿಂದ ಪ್ರತಿ ದಂಪತಿಯಲ್ಲೂ ಎರಡು ದರ್ಶನಗಳು ವಾಸಿಸುತ್ತವೆ. ಫೋನಿನ ನಕ್ಷೆಯನ್ನೇ ಪರಮಪ್ರಮಾಣವೆಂದು ನಂಬುವವರು ನಕ್ಷಾವಾದಿಗಳು. ಎದುರು ಬಂದವರನ್ನು ನಿಲ್ಲಿಸಿ ಕೇಳುವವರು ಪೃಚ್ಛಾವಾದಿಗಳು. ಇವು ಲಿಂಗವಾಚಕ ಪದಗಳಲ್ಲ ಎಂದು ಎಚ್ಚರಿಸುವುದು ಪ್ರಬಂಧಕಾರನ ಕರ್ತವ್ಯ, ಅವನ ಮನೆಯ ಶಾಂತಿಗೂ ಅವಶ್ಯ.

ನಕ್ಷಾವಾದಕ್ಕೆ ಮೊದಲ ಏಟು ಬೀಳುವುದು ರೈಲು ನಿಲ್ದಾಣದಲ್ಲಿ. 1999ರಿಂದ ಅದು ಬಂಡೆಯ ಹೊಟ್ಟೆಯೊಳಗಿದೆ, ಅದರ ಬಾಗಿಲುಗಳು ಬೇರೆ ಬೇರೆ ಎತ್ತರದ ಬೀದಿಗಳಿಗೆ ತೆರೆಯುತ್ತವೆ. ಆಲ್ಪ್ಸ್ ಪರ್ವತ ಸಮುದ್ರಕ್ಕೆ ಧುಮುಕುವ ಇಳಿಜಾರಿನಲ್ಲಿ ಈ ದೇಶ ಮಲಗಿಲ್ಲ, ನಿಂತುಕೊಂಡಿದೆ. ನಕ್ಷೆಯಾದರೋ ಮಲಗಿದ ದೇಶಗಳಿಗಾಗಿ ಹುಟ್ಟಿದ ವಿದ್ಯೆ. ಪರಿಣಾಮ ಕೇಳಿ: ನಕ್ಷಾವಾದಿ ಮೇಲಿನ ಬೀದಿಯಲ್ಲಿ, ಪೃಚ್ಛಾವಾದಿ ಕೆಳಗಿನ ಬೀದಿಯಲ್ಲಿ. ಇಬ್ಬರ ಫೋನಿನಲ್ಲೂ ನೀಲಿ ಚುಕ್ಕಿಗಳು ಒಂದರ ಮೇಲೊಂದು ಕೂತು ದಾಂಪತ್ಯದ ಪರಮ ಐಕ್ಯವನ್ನು ಸಾರುತ್ತಿವೆ. "ಇಲ್ಲೇ ಇದ್ದೀನಿ." "ನಾನೂ ಇಲ್ಲೇ ಇದ್ದೀನಿ." ಇಬ್ಬರ ಮಾತೂ ಸತ್ಯ, ನಡುವೆ ಐದಾರು ಮಹಡಿ.

ಇದಕ್ಕೆಂದೇ ಸರ್ಕಾರ ಊರ ತುಂಬ ಬಿಟ್ಟಿ ಲಿಫ್ಟುಗಳನ್ನೂ ಓಡುವ ಮೆಟ್ಟಿಲುಗಳನ್ನೂ ಇಟ್ಟಿದೆ. ಯಾವ ಲಿಫ್ಟು ಯಾವ ಬೀದಿಗೆ ಕೊಂಡೊಯ್ಯುತ್ತದೆ ಎಂಬುದು ಅನುಭವೈಕವೇದ್ಯ. ನಾಲ್ಕು ಸಲ ತಪ್ಪು ಲಿಫ್ಟು ಹತ್ತಿದ ನಕ್ಷಾವಾದಿ, ಐದನೆಯದು ಸರಿಯಾಗಲೇಬೇಕು ಎನ್ನುತ್ತಾನೆ. ಈ ತರ್ಕದ ಹೆಸರಾಂತ ಬಲಿಗಳು ಇದೇ ಗುಡ್ಡದ ಜೂಜುಕಟ್ಟೆಯಲ್ಲಿ ಬಿದ್ದರು. 1913ರ ಆಗಸ್ಟ್ 18ರ ರಾತ್ರಿ ಮಾಂಟೆ ಕಾರ್ಲೊದ ರೂಲೆಟ್ ಚಕ್ರದಲ್ಲಿ ಚೆಂಡು ಸತತ 26 ಬಾರಿ ಕಪ್ಪಿನ ಮೇಲೆಯೇ ನಿಂತಿತು. ಇನ್ನು ಕೆಂಪು ಬರಲೇಬೇಕು ಎಂದು ಪಣ ಏರಿಸುತ್ತ ಹೋದವರು ಲಕ್ಷಗಟ್ಟಲೆ ಫ್ರಾಂಕ್ ಕಳೆದುಕೊಂಡರು. ಚಕ್ರಕ್ಕೆ ಹಿಂದಿನದರ ನೆನಪಿರುವುದಿಲ್ಲ, ಲಿಫ್ಟಿಗೂ ಇರುವುದಿಲ್ಲ. ಹಿಂದಿನದೆಲ್ಲ ನೆನಪಿರುವುದು ಜೊತೆಗೆ ಬಂದವರಿಗೆ ಮಾತ್ರ.

ಕ್ಯಾಸಿನೊ ಇಲ್ಲದೆ ಈ ದೇಶದ ಅರ್ಥಶಾಸ್ತ್ರವೇ ಇಲ್ಲ. ನೆಲ ಕಳೆದುಕೊಂಡ ಶಾರ್ಲ್ 1863ರಲ್ಲಿ ಫ್ರಾಂಸ್ವಾ ಬ್ಲಾಂ ಎಂಬ ಚಾಣಾಕ್ಷನ ಕೈಗೆ ಜೂಜಿನ ವ್ಯವಹಾರ ಒಪ್ಪಿಸಿದ. 1866ರಲ್ಲಿ ಗುಡ್ಡಕ್ಕೆ ತನ್ನದೇ ಹೆಸರಿಟ್ಟ, ಅದೇ ಮಾಂಟೆ ಕಾರ್ಲೊ, ಅಂದರೆ ಶಾರ್ಲನ ಗುಡ್ಡ. 1868ರಲ್ಲಿ ರೈಲು ಬಂತು, ಮರುವರ್ಷವೇ ವರಮಾನ ತೆರಿಗೆ ರದ್ದಾಯಿತು. ಪ್ಯಾರಿಸಿನ ಒಪೆರಾ ಕಟ್ಟಿದ ಗಾರ್ನಿಯೇ ಬಂದು ಇಲ್ಲೂ ಒಂದು ರಂಗಮಂದಿರ ಕಟ್ಟಿಕೊಟ್ಟ. ಆದರೆ ಮೊನಾಕೊದ ಪ್ರಜೆಗಳು ಆ ಜೂಜುಕಟ್ಟೆಯಲ್ಲಿ ಆಡುವಂತಿಲ್ಲ. ಮಿಠಾಯಿ ಅಂಗಡಿಯವನು ತನ್ನ ಮಕ್ಕಳಿಗೆ ಮಿಠಾಯಿ ಕೊಡದಿರುವುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಪ್ರಬಂಧಕಾರನಿಗೆ ಸಿಕ್ಕಿಲ್ಲ.

ಅರಮನೆ ಬಂಡೆಯ ಮೇಲಿದೆ. ಅಲ್ಲಿ ಕಾವಲು ಬದಲಾವಣೆ ಬೆಳಗ್ಗೆ 11:55ಕ್ಕೆ. ಹನ್ನೆರಡು ಎಂದಿದ್ದರೆ ಭಾರತೀಯ ದಂಪತಿಗೆ ಹತ್ತು ನಿಮಿಷದ ಸಲಿಗೆ ಇರುತ್ತಿತ್ತು. ಐವತ್ತೈದು ಎಂಬ ಅಂಕೆಯಲ್ಲಿ ಒಂದು ನಿಷ್ಠುರತೆ ಇದೆ. ಬಹುಪಾಲು ಜೋಡಿಗಳು ನೋಡುವುದು ಚದುರುತ್ತಿರುವ ಗುಂಪನ್ನು. ತಡವಾಗಿದ್ದಕ್ಕೆ ಕಾರಣ ಹುಡುಕುವ ವೇಳೆಯಲ್ಲಿ ತಲೆಯೆತ್ತಿದರೆ ರಾಜಲಾಂಛನ ಕಾಣುತ್ತದೆ: ಕತ್ತಿ ಹಿರಿದ ಇಬ್ಬರು ಸನ್ಯಾಸಿಗಳು. 1297ರ ಜನವರಿ 8ರಂದು ಈ ಅರಸುಮನೆತನದ ಫ್ರಾಂಸ್ವಾ ಗ್ರಿಮಾಲ್ಡಿ ಫ್ರಾನ್ಸಿಸ್ಕನ್ ಸನ್ಯಾಸಿಯ ವೇಷದಲ್ಲಿ ಬಾಗಿಲು ತಟ್ಟಿ, ಒಳಗೆ ಬಂದು ಕೋಟೆಯನ್ನೇ ಕಸಿದ ಕಥೆ ಅದು. ಉಡುಪು ಸರಿಯಿದ್ದರೆ ಒಳಗೆ ಬಿಡುವ ಪದ್ಧತಿ ಕ್ಯಾಸಿನೊದಲ್ಲಿ ಇವತ್ತಿಗೂ ನಡೆದಿದೆ. ರಾತ್ರಿ ಅಲ್ಲಿಗೆ ಹೋಗಲು ಹೊರಟು, ಚಪ್ಪಲಿ ನೋಡಿಕೊಂಡು ಹಿಂದಿರುಗಿದವರು ಗ್ರಿಮಾಲ್ಡಿಯನ್ನು ಗೌರವದಿಂದ ನೆನೆಯುತ್ತಾರೆ.

ಇಲ್ಲಿ ಒಂದು ಆಕ್ಷೇಪ. ಜೋಡಿಯಾಗಿ ಊರು ನೋಡಿ ಸುಖಪಟ್ಟವರು ಮೊನಾಕೊದಲ್ಲಿ ಯಾರೂ ಇಲ್ಲವೇ? ಇದ್ದಾರೆ. 1955ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವಕ್ಕೆ ಬಂದಿದ್ದ ನಟಿ ಗ್ರೇಸ್ ಕೆಲ್ಲಿ, ಪತ್ರಿಕೆಯೊಂದರ ಫೋಟೋಗಾಗಿ ಅರಮನೆಗೆ ಬಂದರು. ಅರಸ ರೇನಿಯೇ ತಡವಾಗಿ ಬಂದ. ಬಂದವನು ತನ್ನ ಪ್ರಾಣಿಸಂಗ್ರಹಾಲಯ ತೋರಿಸಿದ, ಹುಲಿಯ ಸಮೇತ. ಮರುವರ್ಷ ಏಪ್ರಿಲಿನಲ್ಲಿ ಮದುವೆಯಾಯಿತು. ಅಂದರೆ ತಡವಾಗಿ ಬಂದ ಗಂಡಸು ಕ್ಷಮೆಗೆ ಪಾತ್ರನಾಗಬೇಕಾದರೆ ಅವನ ಬಳಿ ಒಂದು ಅರಮನೆ, ಕೆಲವು ಹುಲಿಗಳು ಇರಬೇಕೆಂದು ಸಿದ್ಧವಾಯಿತು. ಪಕ್ಕದ ಕೆಥೆಡ್ರಲ್‌ನಲ್ಲಿ ಇಬ್ಬರ ಸಮಾಧಿಗಳಿವೆ. ಗ್ರೇಸ್ ಕಾರು ಅಪಘಾತದಲ್ಲಿ ತೀರಿಕೊಂಡದ್ದು 1982ರಲ್ಲಿ. ಆ ಚಪ್ಪಡಿಯ ಮುಂದೆ ವಾದಿ ಪ್ರತಿವಾದಿಗಳಿಬ್ಬರೂ ಸುಮ್ಮನಾಗುತ್ತಾರೆ. ಪ್ರಬಂಧವೂ ಸ್ವಲ್ಪ ಹೊತ್ತು.

ಬಂಡೆಯಂಚಿನ ಸಾಗರ ವಸ್ತುಸಂಗ್ರಹಾಲಯವನ್ನು ಅರಸ ಒಂದನೇ ಆಲ್ಬರ್ಟ್ 1910ರಲ್ಲಿ ತೆರೆದ. ಮುಂದೆ ಮೂರು ದಶಕ ಸಾಗರ ಸಂಶೋಧಕ ಜಾಕ್ ಕುಸ್ಟೊ ಅದರ ನಿರ್ದೇಶಕರಾಗಿದ್ದರು. ಮೀನುಗಳು ಚೆನ್ನಾಗಿವೆ, ಕೂರಲು ತಂಪು ಜಾಗವೂ ಇದೆ. ಎರಡನೆಯದೇ ಹೆಚ್ಚು ಜನರನ್ನು ಸೆಳೆಯುತ್ತದೆ ಎಂಬ ಗುಮಾನಿ.

ಕೊನೆಗೆ ಗತಿವಿಚಾರ. ಕಾರು ರೇಸ್ ನಡೆಯುವ ಬೀದಿಗಳು ಉಳಿದ ದಿನ ಬಸ್ಸು, ಸ್ಕೂಟರುಗಳವು. 1929ರಿಂದ ಇಲ್ಲಿ ಗ್ರ್ಯಾನ್ ಪ್ರಿ ನಡೆಯುತ್ತಿದೆ. ಒಂದು ಸುತ್ತು 3.337 ಕಿಲೋಮೀಟರ್, ಅಂಥ 78 ಸುತ್ತು. 2021ರ ರೇಸಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಒಂದು ಸುತ್ತನ್ನು 1 ನಿಮಿಷ 12.909 ಸೆಕೆಂಡಿನಲ್ಲಿ ಮುಗಿಸಿದರು. ದಂಪತಿಗೆ ಎರಡೂವರೆ ಗಂಟೆ ಬೇಕು. ಕಾರಿಗೆ ಚಕ್ರ ಬದಲಿಸಲು ಎರಡು ಮೂರು ಸೆಕೆಂಡು ಸಾಕು, ಬಂದರಿನ ಹಡಗುಗಳ ಮುಂದೆ ಕೂದಲು ಹಾರದ ಒಂದು ಫೋಟೋಕ್ಕೆ ಹದಿನೈದು ನಿಮಿಷ ಸಾಲದು. ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಸಮಾನತೆ: ಫಾರ್ಮುಲಾ ಒನ್ ಕಾರೂ ಅಲ್ಲಿ ಗಂಟೆಗೆ ಐವತ್ತು ಕಿಲೋಮೀಟರಿನ ಆಸುಪಾಸಿಗೆ ಇಳಿದು, ಬೆಂಗಳೂರಿನ ಆಟೋದಂತೆ ಮೈ ಹೊರಳಿಸುತ್ತದೆ.

ಸಂಜೆಗೆ ಹಸಿವು. ಪೃಚ್ಛಾವಾದಿ ಯಾರನ್ನೋ ಕೇಳಿ, ಮೇಲೆ ಹೋದಷ್ಟೂ ಕಾಫಿ ಅಗ್ಗ ಎಂಬ ಸುದ್ದಿ ತಂದಳು. ಹತ್ತಿದರು. ಮೇಲೆ ಒಂದು ಬೀದಿ. ಅದರ ಒಂದು ಬದಿ ಮೊನಾಕೊದ ಫ್ರಾನ್ಸ್ ಬುಲೆವಾರ್, ಇನ್ನೊಂದು ಬದಿ ಫ್ರಾನ್ಸಿನ ಬೋಸೊಲೇ ಊರಿನ ಜನರಲ್ ಲ್ಯಕ್ಲೆರ್ಕ್ ಬುಲೆವಾರ್. ನಡುವೆ ಬೇಲಿಯಿಲ್ಲ. ಬೆಳಗಿನಿಂದ ಮುನಿಸಿಕೊಂಡಿದ್ದವರಿಗೆ ಬೇರೆ ಬೇರೆ ದೇಶಗಳಲ್ಲಿ ನಡೆಯುವ ಅವಕಾಶ ದೊರೆತದ್ದು ಇಲ್ಲೇ. ಎಡಬದಿಯವರು ಬಲಬದಿಯವರನ್ನು ಕರೆದರು, ಬಲಬದಿಯವರು ಬಂದರು, ಕಾಫಿ ಬಂತು. ಇದು ಇನ್ನೂ ಮೊನಾಕೊ ಎಂದು ನಕ್ಷಾವಾದಿ ಫೋನ್ ತೆಗೆದ. ಪೃಚ್ಛಾವಾದಿ ಬಿಲ್ಲಿನಲ್ಲಿದ್ದ ಬೋಸೊಲೇ ವಿಳಾಸವನ್ನು ಗಟ್ಟಿಯಾಗಿ ಓದಿ, ಮಡಚಿ, ಪಾಸ್‌ಪೋರ್ಟಿನೊಳಗೆ ನೆನಪಿನ ಠಸ್ಸೆಯ ಪುಟಕ್ಕೇ ಸಿಕ್ಕಿಸಿಟ್ಟಳು.