ಮಲ್ಪೆಗೊಂದು ಹಗುರ ಪ್ರವಾಸ

"ರೀ, ಈ ಭಾನುವಾರ ಮಲ್ಪೆಗೆ ಏನೇನು ತಗೋಬೇಕು?"

"ಏನೂ ಬೇಡ ಕಣೇ. ಸಮುದ್ರ ಇದೆ, ಮರಳಿದೆ. ಹಗುರವಾಗಿ ಹೋಗಿ ಬರೋಣ."

"ಸರಿ. ಚಿತ್ರಾನ್ನ, ಮೊಸರನ್ನ, ಜಮಖಾನ, ಅತ್ತೆಗೆ ಮಡಚೋ ಕುರ್ಚಿ."

"ಅಮ್ಮನೂ ಬರ್ತಾರಾ?"

"ಅವರು ಬರ್ತಾರೆ ಅಂತ ಅವರ ತಂಗಿ ಮನೆಯವರೂ. ಟೆಂಪೋ ಟ್ರಾವೆಲರ್ ಹೇಳಿದೀನಿ."

(ಗಂಡನ 'ಹಗುರ' ಇಲ್ಲಿಗೆ ಹನ್ನೆರಡು ಸೀಟಿನದ್ದಾಯಿತು.)

"ಹೋಗ್ಲಿ, ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ನೋಡೋಣ. ಲಾವಾ ತಣಿದು ಕಂಬ ಕಂಬವಾಗಿ ನಿಂತಿರೋ ಬಂಡೆಗಳು!"

"ಜುಲೈನಲ್ಲಾ? ಮಳೆಗಾಲದಲ್ಲಿ ದೋಣಿ ಬಿಡಲ್ಲ. ನೀರಿಗೂ ಇಳಿಸಲ್ಲ, ದಡದುದ್ದಕ್ಕೂ ಬಲೆ ಕಟ್ಟಿರ್ತಾರೆ."

"ಮತ್ತೆ ಮಾಡೋದೇನು?"

"ಮೊದಲು ಉಡುಪಿ ಮಠ, ಕನಕನ ಕಿಂಡಿ, ಊಟ. ಆಮೇಲೆ ಅತ್ತೆ ಸ್ವಲ್ಪ ಅಡ್ಡಾಗ್ತಾರೆ. ಐದಕ್ಕೆ ಬೀಚು, ಗೋಳಿಬಜೆ, ಫೋಟೋ."

"ಅಷ್ಟು ದೊಡ್ಡ ಬಂದರು... ಅಮ್ಮ ಮಲಗಿದಾಗ ಒಂದು ಬಂಗುಡೆ ಫ್ರೈ?"

"ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯೋ ಹಾಗಿಲ್ಲ. ಐಸಲ್ಲಿಟ್ಟದ್ದು ತಿನ್ನೋಕೆ ಅಷ್ಟು ದೂರ ಹೋಗ್ಬೇಕಾ?"

"ಅಂದ್ರೆ ದೋಣಿ ಇಲ್ಲ, ಈಜು ಇಲ್ಲ, ಮೀನೂ ಇಲ್ಲ. ಡಿಸೆಂಬರ್‌ನಲ್ಲಿ ಹೋಗೋಣ ಬಿಡು."

"ಆಗ ಇಡೀ ಬೆಂಗಳೂರು ಅಲ್ಲೇ ಇರುತ್ತೆ, ರೂಮ್ ಸಿಗಲ್ಲ. ಅದೂ ಅಲ್ದೆ, ಟ್ರಾವೆಲರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ. ನಿಮ್ಮ ಫೋನಿಂದಾನೇ."