ಲೋಹಶೋಧನ ಮೀಮಾಂಸೆ: ಜೇವರ್ಗಿ ಕಾಲೋನಿಯ ಭೂಗರ್ಭವನ್ನು ಕುರಿತು

ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನೂ ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ ನಾವೂ ಆ ಕ್ರಮವನ್ನೇ ಹಿಡಿಯುತ್ತೇವೆ. ಪ್ರಸ್ತುತ ಶಾಸ್ತ್ರದ ವಿಷಯವು ಕಲಬುರಗಿ ನಗರದ ಜೇವರ್ಗಿ ಕಾಲೋನಿಯ ನೆಲದಲ್ಲಿ ಹುದುಗಿರುವ ಲೋಹ. ಪ್ರಯೋಜನವು ಬಹಮನಿ ಸುಲ್ತಾನರ ಬೆಳ್ಳಿಯ ಟಂಕ, ಅದು ದೊರೆಯದ ಪಕ್ಷದಲ್ಲಿ ನೆರೆಹೊರೆಯವರ ಗೌರವ. ಸಂಬಂಧವು ಮೆಟಲ್ ಡಿಟೆಕ್ಟರಿನ ಸುರುಳಿಗೂ ಅದನ್ನು ಹಿಡಿದವನ ಆಸೆಗೂ ಇರುವ ಅವಿನಾಭಾವ. ಅಧಿಕಾರಿ ಯಾರೆಂಬುದನ್ನು ಮಾತ್ರ ನಾವು ನಿರ್ಣಯಿಸಬೇಕಾಗಿಲ್ಲ. ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕವನು ಜಿಲ್ಲಾ ಕಲೆಕ್ಟರರಿಗೆ ಲಿಖಿತವಾಗಿ ಅರಿಕೆ ಮಾಡತಕ್ಕದ್ದೆಂದು ಆಂಗ್ಲ ಸರ್ಕಾರವು ೧೮೭೮ರ ಕಾಯಿದೆಯಲ್ಲಿ ವಿಧಿಸಿ ಆ ಪ್ರಶ್ನೆಯನ್ನು ಅಂದೇ ಮುಗಿಸಿದೆ.

ಸುಲ್ತಾನರು ಕೋಟೆಯನ್ನು ಬಿಟ್ಟು ಇಷ್ಟು ದೂರ ಬಂದು ಟಂಕವನ್ನು ಬೀಳಿಸಿಕೊಂಡುದಕ್ಕೆ ಆಧಾರವೇನೆಂದು ಕೇಳುವ ಶಂಕಾಶೀಲರುಂಟು. ಬೀಳಿಸಿಕೊಳ್ಳಲಿಲ್ಲವೆಂಬುದಕ್ಕೂ ಆಧಾರವಿಲ್ಲ. ೧೩೪೭ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಹನು ಈ ಊರನ್ನು ರಾಜಧಾನಿಯಾಗಿ ಮಾಡಿ ಅಹಸನಾಬಾದ್ ಎಂದು ಹೆಸರಿಟ್ಟನಷ್ಟೆ. ರಾಜಧಾನಿಯು ಬೀದರಿಗೆ ಹೋದಾಗ ಗಂಟುಮೂಟೆ ಕಟ್ಟುವ ಅವಸರದಲ್ಲಿ ಒಂದೆರಡು ನಾಣ್ಯಗಳು ಜಾರಿರಬಾರದೇಕೆ? ಸಂಶೋಧನೆಯೆಂಬುದು ಇಂತಹ 'ಬಾರದೇಕೆ'ಗಳ ಮೇಲೆಯೇ ನಿಂತಿದೆ.

ಇನ್ನು ಯಂತ್ರದ ಗುರುಪರಂಪರೆ. ಪೂರ್ವಕಾಲದಲ್ಲಿ ನಿಧಿಯನ್ನು ಅಂಜನ ಹಾಕಿ ನೋಡುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರ ಕಣ್ಣಿಗೆ ಅದು ಬೀಳುವುದೆಂದೂ, ಕೊಪ್ಪರಿಗೆಯನ್ನು ಸರ್ಪವು ಕಾಯುವುದೆಂದೂ ನಂಬುತ್ತಿದ್ದರು. ಆ ಸರ್ಪವನ್ನು ವಿದ್ಯುತ್ತಿನ ಸುರುಳಿಯನ್ನಾಗಿ ಪರಿವರ್ತಿಸಿದ ಮೊದಲಿಗರಲ್ಲಿ ಒಬ್ಬನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ೧೮೮೧ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ದೇಹದೊಳಗಿನ ಗುಂಡನ್ನು ಪತ್ತೆಹಚ್ಚಲು ಅವನು ತನ್ನ ಯಂತ್ರವನ್ನು ತಂದನು. ಯಂತ್ರವು ಹಾಡಿತು, ಆದರೆ ಎಲ್ಲೆಲ್ಲಿಯೂ ಹಾಡಿತು, ಏಕೆಂದರೆ ರೋಗಿಯ ಹಾಸಿಗೆಯೊಳಗೆ ಉಕ್ಕಿನ ತಂತಿಗಳಿದ್ದುವು. ಗುಂಡು ಸಿಕ್ಕಲಿಲ್ಲ, ಅಧ್ಯಕ್ಷನೂ ಉಳಿಯಲಿಲ್ಲ. ಈ ಘಟನೆಯಿಂದ ನಾವು ಮಂಚನ್ಯಾಯವೆಂಬ ಸೂತ್ರವನ್ನು ಪ್ರತಿಪಾದಿಸುತ್ತೇವೆ: ಯಂತ್ರವು ಹುಡುಕಬೇಕಾದುದನ್ನು ಕಾಣುವ ಮೊದಲು ಹುಡುಕುವವನ ಸುತ್ತ ಇರುವುದನ್ನು ಕಾಣುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾತ್ಸ್ಕಿಯು ನೆಲಬಾಂಬುಗಳನ್ನು ಹುಡುಕುವ ಯಂತ್ರವನ್ನು ಮಾಡಿದನೆಂಬುದು ನಿಜ. ಆದರೆ ಬಾಂಬು ಶೋಧಕನಿಗೆ ತಾನಾಗಿಯೇ ಸಿಕ್ಕುವ ವಸ್ತುವಾದುದರಿಂದ ಅದನ್ನು ಇಲ್ಲಿ ವಿಚಾರಿಸುವುದಿಲ್ಲ.

ಮಂಚನ್ಯಾಯವನ್ನು ಜೇವರ್ಗಿ ಕಾಲೋನಿಗೆ ಅನ್ವಯಿಸಿದಾಗ ದೊರೆತ ಸಾಮಗ್ರಿಯು ಬಹುವಿಧವಾದುದು. ಅತ್ಯಂತ ಮೇಲಿನ ಸ್ತರದಲ್ಲಿ ಸೋಡಾ ಬಾಟಲಿಯ ಬಿರಡೆಗಳೂ, ಗಾರೆ ಕೆಲಸದವರು ಬಿಟ್ಟುಹೋದ ಬೈಂಡಿಂಗ್ ತಂತಿಯೂ, ಮೊಳೆಗಳೂ ಇವೆ. ಮೊಳೆಗಳ ಸಂಖ್ಯೆಯನ್ನು ನೋಡಿದರೆ ಪ್ರಾಚೀನ ಕಲಬುರಗಿಯು ಬಡಗಿಗಳ ಗಣರಾಜ್ಯವಾಗಿತ್ತೆಂದು ಊಹಿಸಬಹುದು. ನಾಣ್ಯವರ್ಗದಲ್ಲಿ, ೨೦೧೧ರ ಜೂನ್ ೩೦ರಂದು ಚಲಾವಣೆಯಿಂದ ನಿವೃತ್ತಿ ಹೊಂದಿದ ಇಪ್ಪತ್ತೈದು ಪೈಸೆ, ಚೌಕಾಕಾರದ ಅಲ್ಯುಮಿನಿಯಂ ಐದು ಪೈಸೆ, ಯುದ್ಧಕಾಲದಲ್ಲಿ ತಾಮ್ರವನ್ನುಳಿಸಲು ೧೯೪೩ರಿಂದ ಅಚ್ಚುಹಾಕಿದ ತೂತು ಕಾಸು, ಮತ್ತು ಸರ್ವೋತ್ತಮವಾಗಿ, ಚಾರ್ ಮಿನಾರಿನ ಚಿತ್ರವುಳ್ಳ ನಿಜಾಮರ ಹಾಲಿ ಸಿಕ್ಕಾ. ಈ ಹಾಲಿ ಸಿಕ್ಕಾ ಬ್ರಿಟಿಷರ ಕಲ್ದಾರ್ ರೂಪಾಯಿಗಿಂತ ಕಡಮೆ ತೂಗುತ್ತಿದ್ದರೂ, ೧೯೪೮ರವರೆಗೆ ಈ ಸೀಮೆಯವರು ನಿಜಾಮನ ಪ್ರಜೆಗಳಾಗಿದ್ದುದಕ್ಕೆ ಜೇಬಿನಲ್ಲಿ ಝಣಝಣಿಸುವ ಸಾಕ್ಷಿ.

ಈ ಹಾಲಿ ಸಿಕ್ಕಾದ ಬೆಲೆಯ ವಿಷಯದಲ್ಲಿ ಗಹನವಾದ ತಾತ್ತ್ವಿಕ ಸಮಸ್ಯೆಯೊಂದು ಏಳುತ್ತದೆ. ಮನೆಯ ಕಟ್ಟೆಯ ಮೇಲೆ ನೆರೆಯವರ ಮುಂದೆ ಅದು ಅಮೂಲ್ಯ. ಹತ್ತು ರೂಪಾಯಿಯ ಕಾಯಿದೆಯನ್ನು ನೆನೆದೊಡನೆ ಅದು ಕೆಲಸಕ್ಕೆ ಬಾರದ ಬಿಲ್ಲೆ. ಆದುದರಿಂದ ಅದನ್ನು ಸತ್ತೆಂದೂ ಹೇಳಲಾಗದೆ, ಅಸತ್ತೆಂದೂ ಹೇಳಲಾಗದೆ, ವೇದಾಂತಿಗಳು ಮಾಯೆಯನ್ನು ಹೇಳುವಂತೆ ಅನಿರ್ವಚನೀಯವೆಂದೇ ಹೇಳಬೇಕಾಗಿದೆ. ಲೋಕವು ಮಾತ್ರ ಇಂತಹ ಸೂಕ್ಷ್ಮಗಳನ್ನು ಲೆಕ್ಕಿಸುವುದಿಲ್ಲ. ಯಂತ್ರವು ಗುಂಯ್‌ಗುಡುತ್ತ ಸಾಗುತ್ತಿರುವಾಗ ಎದುರುಮನೆಯ ತಾಯಿಯೊಬ್ಬರು ಹೊರಗೆ ಬಂದು, "ಸರ್ರ, ನಮ್ಮ ನಳದ ಪೈಪ್ ಎಲ್ಲಿ ಹೋಗ್ಯಾದ ಜರಾ ನೋಡಿ ಹೇಳ್ರಿ" ಎಂದರು. ಪೈಪು ತತ್‌ಕ್ಷಣ ಸಿಕ್ಕಿತು. ಈ ಶಾಸ್ತ್ರದ ಇತಿಹಾಸದಲ್ಲಿ ಉದ್ದೇಶವೂ ಫಲವೂ ಒಂದಾದುದು ಇದೊಂದೇ ಸಂದರ್ಭದಲ್ಲಿ.

ಕಾಲನಿರ್ಣಯದಲ್ಲಿ ವಿದ್ವಾಂಸನಿಗೆ ಇಲ್ಲಿರುವಷ್ಟು ಸ್ವಾತಂತ್ರ್ಯ ಬೇರೆಲ್ಲಿಯೂ ಇಲ್ಲ. ನಮ್ಮ ಎರೆ ಭೂಮಿಯು ಬೇಸಗೆಯಲ್ಲಿ ಆಳವಾಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಊದಿ ಮುಚ್ಚಿಕೊಳ್ಳುತ್ತದೆ. ಮೇಲಿನದು ಬಿರುಕಿನೊಳಗೆ ಬಿದ್ದು ಹಳೆಯದಕ್ಕಿಂತ ಕೆಳಗೆ ಸೇರುತ್ತದೆ. ಹೋದ ವರ್ಷ ಕಳೆದ ಬೀಗದ ಕೈಯು ನಿಜಾಮನ ನಾಣ್ಯಕ್ಕಿಂತ ಪ್ರಾಚೀನವಾಗಿ ಕಾಣಿಸಿಕೊಳ್ಳುವುದು ಇದರಿಂದಲೇ. ಕಾಲೋನಿಯಿಂದಾಚೆ, ಕಲಬುರಗಿ ಜಿಲ್ಲೆಯ ಕಮಲಾಪುರದಲ್ಲಿ ನಡೆಸಿದ ಕ್ಷೇತ್ರಕಾರ್ಯದ ಫಲವಾದರೋ, ಆ ಊರಿಗೆ ಭೌಗೋಳಿಕ ಸೂಚಿಯ ಮನ್ನಣೆ ತಂದ ಕೆಂಪು ಬಾಳೆಯ ಒಂದು ಚಿಪ್ಪು. ಬಾಳೆಯಲ್ಲಿ ಕಬ್ಬಿಣವಿದೆಯೆಂದು ಹಿರಿಯರು ಹೇಳುವುದುಂಟು, ಯಂತ್ರವು ಒಪ್ಪಲಿಲ್ಲ.

ಈಗ ಪೂರ್ವಪಕ್ಷ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಬಂಗಾರವನ್ನರಸುತ್ತ ಹೋಗಿ ಬಂಡೆಯ ಮೇಲಿನ ಬರಹವನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನ ಹಿಂದೆ ಅಡಗಿದ್ದ ಅರಸನು ಅಶೋಕನೇ ಎಂಬುದು ಆ ಬಂಡೆಯಿಂದ ನಿಶ್ಚಿತವಾಯಿತು. ಭೀಮೆಯ ದಡದ ಸನ್ನತಿಯಲ್ಲಿ ಯಾರೂ ಏನನ್ನೂ ಅರಸುತ್ತಿರಲಿಲ್ಲ. ೧೯೮೬ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯ ಮಾಡು ಕುಸಿದು, ದೇವಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿದುಬಂದಿತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಅವನ ಉಬ್ಬುಶಿಲ್ಪವೇ ಸಿಕ್ಕಿತು. ಇವೆಲ್ಲವೂ ಕಲ್ಲು. ಮೆಟಲ್ ಡಿಟೆಕ್ಟರನ್ನು ಇವುಗಳ ಮೇಲೆ ಎಷ್ಟು ಆಡಿಸಿದರೂ ಅದು ತುಟಿ ಬಿಚ್ಚುತ್ತಿರಲಿಲ್ಲ. ನಮ್ಮ ಸೀಮೆಯ ಚರಿತ್ರೆಯು ಯಂತ್ರದ ಕಿವಿಗೆ ಕೇಳದ ವಸ್ತುವಿನಲ್ಲಿದೆ ಎಂಬ ಈ ಪೂರ್ವಪಕ್ಷಕ್ಕೆ ಸಮಾಧಾನ ಹೇಳಲಾರದೆ, ಅದನ್ನೇ ಸಿದ್ಧಾಂತವೆಂದು ಅಂಗೀಕರಿಸಿದ್ದೇವೆ.

ಇಲ್ಲಿ ಅಣಕವನ್ನು ಬದಿಗಿಟ್ಟು ಒಂದು ಮಾತು. ನಿಧಿಯ ಆಸೆಯಿಂದ ರಾತ್ರಿಯ ಹೊತ್ತು ವೀರಗಲ್ಲನ್ನು ಬುಡಮೇಲು ಮಾಡುವವರೂ, ಹಾಳುಗುಡಿಯ ಲಿಂಗವನ್ನು ಕಿತ್ತು ಕೆಳಗೆ ಅಗೆಯುವವರೂ ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ. ಕೆಲವರ ಕೈಗೆ ಈ ಯಂತ್ರವೂ ಬಂದಿದೆ. ಅವರು ಒಡೆದುಹಾಕುವ ಕಲ್ಲೇ ನಿಧಿ. ಆದುದರಿಂದ ಜೇವರ್ಗಿ ಕಾಲೋನಿಯ ಸಮಸ್ತ ನಿವಾಸಿಗಳಲ್ಲಿ ನಮ್ಮ ಪ್ರಾರ್ಥನೆಯಿಷ್ಟೆ: ಮನೆಯ ಪಾಯ ತೋಡುವಾಗ ಅಕ್ಷರವಿರುವ ಕಲ್ಲೇನಾದರೂ ಕಂಡರೆ ಅದನ್ನು ಬಚ್ಚಲಲ್ಲಿ ಬಟ್ಟೆ ಒಗೆಯಲು ಹಾಕಿಕೊಳ್ಳದೆ, ಉಜ್ಜಿ ತೊಳೆಯದೆ, ಇದ್ದಲ್ಲಿಯೇ ಇರಗೊಟ್ಟು ಪುರಾತತ್ತ್ವ ಇಲಾಖೆಯವರಿಗೆ ತಿಳಿಸಿರಿ.